ಬ್ರೆಡ್‌ಕೇಕ್ ಊರಿಂದ ಬಂದ ಚಿಕ್ಕಮ್ಮ

ಚಿಕ್ಕಮ್ಮನ ಎರಡೂ ಮುಂಗೈಗಳ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೂ ಅಡ್ಡಡ್ಡವಾಗಿ ಸುಟ್ಟ ಗೆರೆಗಳಿದ್ದವು. ಕೆಲವು ಹಳೆಯವು, ಬೆಳ್ಳಗಾಗಿ ಚರ್ಮದೊಳಗೇ ಸೇರಿಹೋಗಿದ್ದವು. ಕೆಲವು ಇನ್ನೂ ಕಂದು ಬಣ್ಣದವು, ಸವರಿದರೆ ಬೆರಳಿಗೆ ದಾರದ ಹಾಗೆ ಸಿಗುತ್ತಿದ್ದವು. ಇಂಗ್ಲೆಂಡಿನಿಂದ ಬಂದ ದಿನ ಅವರು ಶಿವಮೊಗ್ಗದ ಕೋಟೆ ಬೀದಿಯ ನಮ್ಮ ಮನೆಯ ಬಚ್ಚಲಲ್ಲಿ ಸ್ವೆಟರಿನ ತೋಳು ಮೇಲೆತ್ತಿ ಕೈಕಾಲು ತೊಳೆಯುತ್ತಿದ್ದಾಗ ಅಜ್ಜಿ ಅದನ್ನು ನೋಡಿದಳು.

"ಏನೇ ಇದು, ಯಾರು ಬರೆ ಹಾಕಿದ್ದು?"

"ಬರೆ ಅಲ್ಲ ಅತ್ತೆ, ಓವನ್ನಿಂದು. ಟ್ರೇ ಎಳೀವಾಗ ಬಾಗಿಲಂಚು ತಾಗತ್ತೆ. ಅಲ್ಲಿ ನಮ್ಮೆಲ್ರ ಕೈಯೂ ಹಿಂಗೇ" ಎಂದು ಚಿಕ್ಕಮ್ಮ ನಕ್ಕರು. ಹಿಂದೆಯೇ ಸೂಟ್‌ಕೇಸು ಹೊತ್ತು ನಿಂತಿದ್ದ ಚಿಕ್ಕಪ್ಪ ನಗಲಿಲ್ಲ. "ಅಮ್ಮ, ಅವಳಿಗೆ ಕೈತುಂಬ ಬಳೆ ಇಡ್ಸು. ಮದುವೆ ಮನೇಲಿ ಎಲ್ರ ಕಣ್ಣಿಗೆ ಬೀಳೋದು ಬೇಡ" ಅಂದ.

ತೊಂಬತ್ತರ ದಶಕದ ನಡುವಿನ ಮಾತಿದು. ನಾನಾಗ ಎಂಟನೇ ತರಗತಿ. ನಮ್ಮತ್ತೆಯ, ಅಂದರೆ ಅಪ್ಪನ ಕೊನೆಯ ತಂಗಿಯ, ಮದುವೆಗೆಂದು ಅವರಿಬ್ಬರೂ ಐದು ವರ್ಷಗಳ ನಂತರ ಶಿವಮೊಗ್ಗಕ್ಕೆ ಬಂದಿದ್ದರು.

ಚಿಕ್ಕಮ್ಮ ಭದ್ರಾವತಿಯವರು. ಅವರಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವರು. ನಮ್ಮದು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇದ್ದ ಮನೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟರೆಂದರೆ ಅಪ್ಪನ ಬಾಯಿಂದ ಎರಡು ಮಾತು ಬರುವುದಿಲ್ಲ ಎಂದು ಬಜಾರಿನಲ್ಲಿ ಹೆಸರಿತ್ತು. ಗಿರಾಕಿ ಚೌಕಾಸಿಗೆ ಇಳಿದರೆ ಅಪ್ಪ ಬಟ್ಟೆ ಮಡಚಿ ಒಳಗಿಡುತ್ತಿದ್ದರು. ಅಂಥ ಅಪ್ಪನ ಮಗಳು ಎನ್ನುವ ಹೆಮ್ಮೆ ನನಗೆ ಎಷ್ಟಿತ್ತೆಂದರೆ, ಶಾಲೆಯಲ್ಲಿ ಯಾರಾದರೂ ಆಣೆ ಇಡು ಅಂದರೆ ನಮ್ಮಪ್ಪನ ಮೇಲೆ ಇಡುತ್ತಿದ್ದೆ.

ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಬಿ.ಕಾಂ. ಮಾಡಿ, ಯಾರದೋ ನೆರವಿನಿಂದ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಅಕೌಂಟೆಂಟ್ ಪರೀಕ್ಷೆಗೆ ಓದುತ್ತಿದ್ದ. ಅವನು ಓದುವಷ್ಟು ಕಾಲ ಮನೆ ನಡೆದದ್ದು ಚಿಕ್ಕಮ್ಮನ ದುಡಿಮೆಯಿಂದ. ಮದುವೆಯಾಗಿ ಹೋದ ಮೂರನೆಯ ತಿಂಗಳಿಗೇ ಅವರು ಯಾರ್ಕ್‌ಶೈರ್ ಕಡೆಯ ಒಂದು ಊರಿನ ದೊಡ್ಡ ಬೇಕರಿಯಲ್ಲಿ ಕೆಲಸಕ್ಕೆ ಸೇರಿದ್ದರು. ಪಿಯುಸಿ ಓದಿದ್ದರೂ ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ಅವರಿಗೆ ಮಾತು ಕಲಿಸಿದ್ದು ಆ ಬೇಕರಿಯ ಹೆಂಗಸರು.

ಒಂದು ಬ್ರೆಡ್ಡಿನ ಹೆಸರಿಗಾಗಿ ಆ ಹೆಂಗಸರು ಆಡುತ್ತಿದ್ದ ಜಗಳವನ್ನು ಚಿಕ್ಕಮ್ಮ ನನಗೆ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ನಾವು ಬನ್ ಅನ್ನುವಂಥದೇ, ಆದರೆ ಸಿಹಿಯಿಲ್ಲದ, ಅಂಗೈಯಗಲದ ದುಂಡು ಬ್ರೆಡ್ಡು. ಆ ಊರಿನವರಿಗೆ ಅದು ಬ್ರೆಡ್‌ಕೇಕ್. ಬೆಟ್ಟದಾಚೆಯ ಮ್ಯಾಂಚೆಸ್ಟರ್ ಕಡೆಯಿಂದ ಮದುವೆಯಾಗಿ ಬಂದವಳು ಅದನ್ನು ಬಾರ್ಮ್ ಅನ್ನುತ್ತಿದ್ದಳು. ನಾಟಿಂಗ್‌ಹ್ಯಾಮಿನ ಒಬ್ಬ ಹುಡುಗಿಗೆ ಅದು ಕಾಬ್. ಲಾರಿ ಓಡಿಸುವ ಸ್ಕಾಟ್ಲೆಂಡಿನವನಿಗೆ ಬ್ಯಾಪ್. ಹತ್ತು ಮೈಲಿ ಆಚೆಯ ಊರಿಗೆ ಹೋದರೆ ಟೀಕೇಕ್, ಕವೆಂಟ್ರಿಗೆ ಹೋದರೆ ಬ್ಯಾಚ್. ನ್ಯೂಕ್ಯಾಸಲ್ಲಿನ ಒಬ್ಬ ಮುದುಕಿ ಮಾತ್ರ, ಇದ್ಯಾವುದೂ ಬ್ರೆಡ್ಡೇ ಅಲ್ಲ, ನಮ್ಮೂರ ಸ್ಟಾಟಿಯ ಮುಂದೆ ಇವೆಲ್ಲ ಬರೀ ಹತ್ತಿ ಎಂದು ಮೂಗು ಮುರಿಯುತ್ತಿದ್ದಳು. ಚಹಾ ಕುಡಿಯುವ ಹೊತ್ತಿಗೆ ದಿನಾ ಇದೇ ರಂಪ.

"ಒಂದಿನ ನನ್ನ ಕಡೆ ತಿರುಗಿ, ನಿಮ್ಮೂರಲ್ಲಿ ಇದಕ್ಕೆ ಏನಂತಾರೆ ಅಂತ ಕೇಳಿದ್ರು ಪುಟ್ಟಿ. ನಾನು ಬನ್ನು ಅಂದೆ. ಎಲ್ರೂ ಬಿದ್ದು ಬಿದ್ದು ನಕ್ಕರು. ಅಲ್ಲಿ ಬನ್ ಅಂದ್ರೆ ಮಕ್ಕಳು ತಿನ್ನೋ ಸಿಹಿ ಕೇಕು. ಆಮೇಲೆ ಜಗಳ ಬಿಟ್ಟು ಎಲ್ರೂ ಸೇರಿ ನಂಗೆ ಪಾಠ ಹೇಳಕ್ಕೆ ಶುರು ಮಾಡಿದ್ರು. ಒಬ್ಬೊಬ್ರು ಅವರವರ ಊರಿನ ಮಾತೇ ಸರಿ ಅಂತ."

ಈ ಹೆಸರುಗಳ ತಮಾಷೆ ಅವರಿಗೆ ಹೊಸದೇನೂ ಆಗಿರಲಿಲ್ಲ. ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಬೆಳೆಯುವಾಗ ಪಕ್ಕದ ಮನೆಯ ತಮಿಳು ಅಜ್ಜಿಗೆ ಜ್ವರ ಬಂದು, "ಒಂದು ರೊಟ್ಟಿ ತಂದ್ಕೊಡು ಕಣ್ಣು" ಎಂದು ಕೇಳಿದ್ದಳಂತೆ. ಇವರು ಮನೆಗೆ ಓಡಿ ಬಿಸಿ ಅಕ್ಕಿರೊಟ್ಟಿ ತಟ್ಟಿಸಿಕೊಂಡು, ಚಟ್ನಿಯನ್ನೂ ಹಾಕಿಸಿಕೊಂಡು ತಂದರು. ಪಾಪ ಆ ಅಜ್ಜಿ ಕೇಳಿದ್ದು ಹಾಲಿನಲ್ಲಿ ಅದ್ದಿ ತಿನ್ನುವ ಬ್ರೆಡ್ಡು. ತಮಿಳಿನಲ್ಲಿ ಬ್ರೆಡ್ಡೇ ರೊಟ್ಟಿ. ಆಚೆ ಬೀದಿಯ ಸಾಬರ ಮನೆಯಲ್ಲಿ ಅದೇ ಡಬಲ್ ರೋಟಿ. "ಬಾಯಿ ಬಿಟ್ಟು ಒಂದು ಬನ್ನು ಕೇಳಲಿ, ಅವರು ಯಾವ ಊರವರು, ಯಾರ ಮನೇಲಿ ಉಣ್ತಾರೆ ಅಂತ ನಾನು ಹೇಳ್ತೀನಿ" ಅನ್ನುತ್ತಿದ್ದರು ಚಿಕ್ಕಮ್ಮ.

ಚಿಕ್ಕಪ್ಪನಿಗೆ ಇದು ಸೇರುತ್ತಿರಲಿಲ್ಲ. ಪರೀಕ್ಷೆ ಪಾಸಾಗಿ ಒಳ್ಳೆಯ ಕೆಲಸ ಸಿಕ್ಕ ಮೇಲೆ ಅವನ ಮೇಲಧಿಕಾರಿಯ ಮನೆಗೆ ಇಬ್ಬರೂ ಊಟಕ್ಕೆ ಹೋಗಿದ್ದರಂತೆ. ಅಲ್ಲಿ ಚಿಕ್ಕಮ್ಮ, "ಇನ್ನೊಂದು ಬ್ರೆಡ್‌ಕೇಕ್ ಕೊಡ್ತೀರಾ?" ಎಂದು ಆ ಊರಿನ ಕೂಲಿ ಹೆಂಗಸರ ಧಾಟಿಯಲ್ಲೇ ಕೇಳಿದರು. ಮನೆಯಾಕೆ ಮುಗುಳ್ನಕ್ಕು ಕೊಟ್ಟಳು. ವಾಪಸು ಬಂದು ಚಿಕ್ಕಪ್ಪ ಮನೆ ಬಾಗಿಲಲ್ಲಿ ಕೀಲಿ ತಿರುಗಿಸುತ್ತ, "ಅದಕ್ಕೆ ರೋಲ್ ಅಂತಾರೆ. ರೋಲ್ ಅನ್ನೋದು ಕಲಿ" ಅಂದನಂತೆ. ಇದನ್ನೂ ಚಿಕ್ಕಮ್ಮ ನಗುತ್ತಲೇ ಹೇಳಿದ್ದರು.

ಮದುವೆ ಮುಗಿಯಿತು. ರಜೆ ಇಲ್ಲವೆಂದು ಚಿಕ್ಕಪ್ಪ ಮೊದಲು ಹೊರಟ. "ಅಮ್ಮಂಗೆ ಮಂಡಿನೋವು ಜಾಸ್ತಿ ಆಗಿದೆ. ಎರಡು ತಿಂಗಳು ನೋಡ್ಕೊಂಡು ಬಾ. ಟಿಕೆಟ್ ಕಳಿಸ್ತೀನಿ" ಎಂದ. ವೀಸಾದ ಕೆಲಸವಿದೆ ಎಂದು ಚಿಕ್ಕಮ್ಮನ ಪಾಸ್‌ಪೋರ್ಟನ್ನು ತಾನೇ ತೆಗೆದುಕೊಂಡು ಹೋದ. ಹೊರಡುವ ಮೊದಲು ಅವನು, ಅಪ್ಪ, ಅಜ್ಜಿ ಮೂವರೂ ಮಹಡಿ ಕೋಣೆಯಲ್ಲಿ ಬಹಳ ಹೊತ್ತು ಮಾತಾಡಿದ್ದರು. ಆಸ್ತಿಯ ಮಾತಿರಬೇಕು ಎಂದು ನಾವೆಲ್ಲ ತಿಳಿದೆವು.

ಎರಡು ತಿಂಗಳು ಹೋಗಿ ಮಳೆಗಾಲವಾಯಿತು, ಗಣಪತಿ ಹಬ್ಬವಾಯಿತು. ಟಿಕೆಟ್ ಬರಲಿಲ್ಲ. ಪ್ರತಿ ಭಾನುವಾರ ಫೋನ್ ಬರುತ್ತಿತ್ತು. ಮೊದಲು ಅಜ್ಜಿ, ಆಮೇಲೆ ಅಪ್ಪ, ಕೊನೆಗೆ ಚಿಕ್ಕಮ್ಮ. ಆಫೀಸಿನಲ್ಲಿ ಕೆಲಸ ಜಾಸ್ತಿ, ವೀಸಾ ತಡವಾಗುತ್ತಿದೆ, ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿ ಮಾಡಿಸಿದೆ, ನೀನು ಬರುವಷ್ಟರಲ್ಲಿ ಸುಣ್ಣಬಣ್ಣ ಮಾಡಿಸುತ್ತೇನೆ. ಚಿಕ್ಕಮ್ಮ ಫೋನಿಟ್ಟು ಬಂದು ಇದನ್ನೆಲ್ಲ ಅಮ್ಮನಿಗೆ ಒಂದೂ ಬಿಡದೆ ವರದಿ ಮಾಡುತ್ತಿದ್ದರು. ಅಮ್ಮ ತರಕಾರಿ ಹೆಚ್ಚುತ್ತ ಹೂಂ, ಹೂಂ ಅನ್ನುತ್ತಿದ್ದಳು.

ಆ ತಿಂಗಳುಗಳು ನನ್ನ ಪಾಲಿಗೆ ಹಬ್ಬ. ಚಿಕ್ಕಮ್ಮ ಬಜಾರಿನ ಒಂದು ಬೇಕರಿಯಿಂದ ಒಂದಿಷ್ಟು ಈಸ್ಟ್ ಬೇಡಿ ತಂದು, ಮೈದಾ ನಾದಿ, ಹಸಿಬಟ್ಟೆ ಮುಚ್ಚಿ ದೇವರಕೋಣೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿಡುತ್ತಿದ್ದರು. ಹುಳಿ ಹಿಟ್ಟು ಅಲ್ಲಿ ಇಡಬೇಡ ಎಂದು ಅಜ್ಜಿಯ ಗೊಣಗಾಟ. ಓವನ್ ಇಲ್ಲದ ಮನೆಯಲ್ಲಿ ದೋಸೆ ಕಾವಲಿಯ ಮೇಲೆ, ಸಣ್ಣ ಉರಿಯಲ್ಲಿ, ಮೇಲೊಂದು ಪಾತ್ರೆ ಕವುಚಿ, ಚಪ್ಪಟೆಯ ದಪ್ಪ ಸ್ಟಾಟಿ ಬೇಯಿಸುತ್ತಿದ್ದರು. ಒಳ್ಳೆಯ ಸ್ಟಾಟಿ ನೆಲಕ್ಕೆ ಹಾಕಿದರೆ ಪುಟಿಯಬೇಕೆಂದು ನ್ಯೂಕ್ಯಾಸಲ್ಲಿನ ಆ ಮುದುಕಿ ಹೇಳಿದ್ದಳಂತೆ. ನಾನು ನಿಜವೆಂದುಕೊಂಡು ಒಂದನ್ನು ನೆಲಕ್ಕೆ ಬಡಿದೆ. ಅದು ಪುಟಿಯಲಿಲ್ಲ, ಅಜ್ಜಿ ಪುಟಿದೆದ್ದಳು. ಅನ್ನ ಎಸೆಯುವ ಮಗು ಯಾವ ಮನೆಯಲ್ಲಿ ಹುಟ್ಟಿದೆ ಎಂದು ಬೈಗುಳ ಸುರಿದಳು. ಚಿಕ್ಕಮ್ಮ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು, ಧೂಳು ಕೊಡವಿ, ತಾವೇ ತಿಂದರು.

ಅದು ದೀಪಾವಳಿಯ ಹಿಂದಿನ ಭಾನುವಾರ. ಫೋನಿಟ್ಟು ಅಡುಗೆಮನೆಗೆ ಬಂದ ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

"ಅಕ್ಕ, ಕೇಳಿದ್ರಾ? ಊಟ ಆಯ್ತಾ ಅಂದ್ರೆ, ಒಂದು ಚೀಸ್ ಕಾಬ್ ತಿಂದೆ ಅಂದ್ರು! ಕಾಬ್ ಅಂತೆ! ಐದು ವರ್ಷ ನಾನು ಬ್ರೆಡ್‌ಕೇಕ್ ಅಂದ್ರೆ ಮುಖ ಗಂಟು ಹಾಕ್ಕೊಂಡು ರೋಲ್ ಅನ್ನು ಅಂತಿದ್ದೋರು. ಈಗ ಯಾರಪ್ಪ ಇವರಿಗೆ ಕಾಬ್ ಕಲಿಸಿದ್ದು?"

ನಾನೂ ನಕ್ಕೆ. ಅಮ್ಮ ನಗಲಿಲ್ಲ. ಒಲೆಯ ಮೇಲೆ ಒಗ್ಗರಣೆ ಸೀಯುವ ವಾಸನೆ ಬಂದರೂ ಸೌಟು ಹಿಡಿದು ಹಾಗೇ ನಿಂತಿದ್ದಳು. ಚಿಕ್ಕಮ್ಮ ಅದನ್ನು ಕೆಳಗಿಳಿಸುತ್ತ ಅಮ್ಮನ ಮುಖ ನೋಡಿದರು. ಅವರ ನಗು ನಿಂತಿತು.

ಮರುದಿನ ನಾನು ಶಾಲೆಗೆ ಹೊರಟಾಗ ಜಡೆ ಹಾಕುತ್ತ, ಯಾರಿಗೋ ಹೇಳುವಂತೆ ಹೇಳಿದರು: "ಒಂದು ಮಾತು ಬಾಯಿಗೆ ಅಂಟಬೇಕಾದ್ರೆ ಮನೇಲಿ ದಿನಾ ಕೇಳ್ಬೇಕು ಪುಟ್ಟಿ. ಒಂದ್ಸಲ ಕೇಳಿದ್ರೆ ಯಾರಿಗೂ ಬರಲ್ಲ. ನಂಗೂ ಬಂದಿಲ್ಲ."

ಮುಂದಿನ ಭಾನುವಾರ ಕಾಬ್ ಅನ್ನೋದು ಎಲ್ಲಿಂದ ಬಂತೆಂದು ಅವರು ಚಿಕ್ಕಪ್ಪನನ್ನೇ ಕೇಳಿದರು. ಆಫೀಸಿನಲ್ಲಿ ಯಾರೋ ಹೊಸಬ ಬಂದಿದ್ದಾನೆ ಎಂದು ಹೇಳಿ ಅವನು ಬೇಗ ಫೋನಿಟ್ಟ. ಎರಡು ದಿನ ಬಿಟ್ಟು, ಹೂವು ತರುತ್ತೇವೆಂದು ಹೇಳಿ ಚಿಕ್ಕಮ್ಮ ನನ್ನನ್ನು ಕರೆದುಕೊಂಡು ಸಂಜೆ ಬಸ್ ಸ್ಟ್ಯಾಂಡ್ ಬಳಿಯ ಫೋನ್ ಬೂತಿಗೆ ಹೋದರು. ತಮ್ಮ ಇಂಗ್ಲೆಂಡಿನ ಮನೆಯ ನಂಬರು ತಿರುಗಿಸಿದರು. ಅಲ್ಲಿ ಆಗ ಮಧ್ಯಾಹ್ನ. ಯಾರೋ ಹೆಂಗಸು ಎತ್ತಿಕೊಂಡಳು. ಚಿಕ್ಕಮ್ಮ ಮಾತಾಡಿದ ಇಂಗ್ಲಿಷ್ ನಮ್ಮ ಶಾಲೆಯ ಇಂಗ್ಲಿಷ್ ಆಗಿರಲಿಲ್ಲ. ನನಗೆ ತಿಳಿದದ್ದು ಕೊನೆಯಲ್ಲಿ ಅವರು ಮೆಲ್ಲಗೆ ಹೇಳಿದ "ಟಾ, ಲವ್" ಒಂದೇ. ಅಲ್ಲಿಯ ಬಡವರ ಬಾಯಿಯ ಥ್ಯಾಂಕ್ಸ್ ಅದು.

ಹೊರಗೆ ಬಂದು ಹೂವಿನವಳ ಮುಂದೆ ನಿಂತರು. ಏನೂ ಕೊಳ್ಳಲಿಲ್ಲ.

"ಜೂನಿಂದ ಆ ಮನೇಲಿ ಬೇರೆಯವರಿದಾರಂತೆ" ಅಂದರು. "ಅಡುಗೆಮನೆ ನಲ್ಲಿ ರಿಪೇರಿ ಮಾಡ್ಸಿದೆ ಅಂದ್ರಲ್ಲ. ಯಾವ ಮನೆ ನಲ್ಲಿನೋ."

ಮನೆಗೆ ಬಂದಾಗ ಅಪ್ಪ ಅಂಗಡಿ ಹುಡುಗನಿಗೆ ಕೀಲಿ ಕೊಟ್ಟು ಕಳಿಸಿ, ನಡುಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅಜ್ಜಿ ಮಂಚದ ಮೇಲಿದ್ದಳು. ಚಿಕ್ಕಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಅಪ್ಪನ ಎದುರು ನಿಂತರು. ಅವರು ಎಂದೂ ಅಪ್ಪನ ಎದುರು ಹಾಗೆ ನಿಂತವರಲ್ಲ.

"ಬಾವ, ಅವರು ಈಗ ಎಲ್ಲಿದಾರೆ?"

ಅಪ್ಪ ಲೋಟ ಕೆಳಗಿಟ್ಟರು. "ಯಾಕಮ್ಮ?"

"ನಾಟಿಂಗ್‌ಹ್ಯಾಮ್ ಕಡೆನಾ? ಕಾಬ್ ಅನ್ನೋರ ಊರಲ್ಲಾ?"

ಆ ಊರಿನ ಹೆಸರು ಕೇಳಿ ಅಪ್ಪನ ಮುಖ ಬಿಳುಚಿಕೊಂಡಿತು. ಅಪ್ಪ ಅಲ್ಲ ಅನ್ನಲಿ, ಗೊತ್ತಿಲ್ಲ ಅನ್ನಲಿ, ಎದ್ದು ನಿಂತು ಯಾರು ಹೇಳಿದ್ದು ಎಂದು ಗದರಲಿ ಎಂದು ನಾನು ಕಾಯುತ್ತಿದ್ದೆ. ಅಪ್ಪ ತಲೆ ತಗ್ಗಿಸಿದರು.

"ಅಲ್ಲಿ ಒಬ್ಬಳ ಜೊತೆ ಇದಾನೆ" ಅಂದರು. "ನಾವು ಹೇಳಿ ನೋಡಿದ್ವಿ. ಕೈಮೀರಿ ಹೋಗಿತ್ತು."

"ಯಾವಾಗ ಹೇಳಿ ನೋಡಿದ್ರಿ?"

ಅಪ್ಪ ಅಜ್ಜಿಯ ಮುಖ ನೋಡಿದರು.

"ಮದುವೆಗೆ ಬಂದಾಗ್ಲೇ ಗೊತ್ತಿತ್ತಾ? ನನ್ನನ್ನ ಇಲ್ಲಿ ಬಿಟ್ಟುಹೋಗಕ್ಕೇ ಕರ್ಕೊಂಡು ಬಂದಿದ್ದು ಅಂತ ಗೊತ್ತಿತ್ತಾ ಬಾವ?"

"ಗೊತ್ತಿತ್ತು."

ಅಜ್ಜಿ ಮಂಚದಿಂದಲೇ, "ಅವಳು ಬಸುರಿ ಆಗಿದ್ಲಂತೆ ಕಣೇ. ಏನು ಮಾಡಕ್ಕಾಗತ್ತೆ? ಇವತ್ತೋ ನಾಳೆಯೋ ನಿಂಗೆ ಹೇಳೋಣ ಅಂತಲೇ ಇದ್ವಿ" ಅಂದಳು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಗಂಡು ಮಗು. ನಿಮ್ಮ ಮಾವನ ಹೆಸರೇ ಇಡು ಅಂತ ನಾನೇ ಅಂದೆ" ಎಂದೂ ಸೇರಿಸಿದಳು. ಅದರಲ್ಲಿ ಅವಳಿಗೆ ಏನೋ ಸಮಾಧಾನ ಕಂಡಿತ್ತೋ ಏನೋ.

ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ತಿರುಗಿದರು. ಅಮ್ಮ ಅಲ್ಲಿ ನಿಂತಿದ್ದಳು.

"ಅಕ್ಕ, ನಿಮಗೂ?"

"ಬಾಯಿ ಬಿಡಬೇಡ ಅಂದಿದ್ರು ಕಣೇ..." ಅಮ್ಮ ಅಳತೊಡಗಿದಳು.

ಆಗ ಚಿಕ್ಕಮ್ಮ ನನ್ನನ್ನು ನೋಡಿದರು. ಈಗಷ್ಟೇ ನನ್ನ ಕೈ ಹಿಡಿದು ರಸ್ತೆ ದಾಟಿಸಿದವರು, ಗುರುತೇ ಇಲ್ಲದ ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಪುಟ್ಟಿ, ನಿಂಗೂ ಗೊತ್ತಿತ್ತಾ?"

ಇಲ್ಲ ಚಿಕ್ಕಮ್ಮ, ದೇವರಾಣೆ ಇಲ್ಲ ಎಂದು ಕೂಗಿದೆ. ಆಣೆ ಇಡುವಾಗ ಅಪ್ಪನ ಹೆಸರು ಬಾಯಿಗೆ ಬರಲಿಲ್ಲ.

"ನೀನು ಎಲ್ಲಿಗೂ ಹೋಗೋದು ಬೇಡಮ್ಮ. ಈ ಮನೆ ಸೊಸೆಯಾಗಿ ಇಲ್ಲೇ ಇರು. ನಾವು ನೋಡ್ಕೋತೀವಿ" ಎಂದು ಅಪ್ಪ ಹೇಳಿದರು. "ಇಷ್ಟು ದಿನ ನೋಡ್ಕೊಂಡ್ರಲ್ಲ ಬಾವ, ಸಾಕು" ಎಂದು ಚಿಕ್ಕಮ್ಮ ಒಳಗೆ ಹೋದರು. ಬೆಳಿಗ್ಗೆ ಮೊದಲ ಬಸ್ಸಿಗೆ ಭದ್ರಾವತಿಗೆ ಹೊರಟುಹೋದರು. ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಾಗಿಲಿನವರೆಗೆ ಓಡಿದಳು. ಚಿಕ್ಕಮ್ಮ ತಿರುಗಿ ನೋಡಲಿಲ್ಲ.

ಆಮೇಲೆ ಹಿರಿಯರು ಕೂತು ಮಾತಾಡಿದ್ದಾಯಿತು. ವಿಚ್ಛೇದನಕ್ಕೆ ಒಪ್ಪಿ ಸಹಿ ಹಾಕಿದರೆ ಮರ್ಯಾದೆಯಿಂದ ಬಿಡುಗಡೆ ಎಂದು ಚಿಕ್ಕಪ್ಪ ಹೇಳಿ ಕಳಿಸಿದ. "ಬಂದು ನನ್ನ ಮುಖ ನೋಡಿ ಕೇಳ್ಲಿ, ಆಗ ಹಾಕ್ತೀನಿ" ಎಂದು ಚಿಕ್ಕಮ್ಮ ಹೇಳಿದರು. ಅವನು ಬರಲಿಲ್ಲ. ಅವರು ಸಹಿ ಹಾಕಲಿಲ್ಲ. ಪಾಸ್‌ಪೋರ್ಟೂ ತಿರುಗಿ ಬರಲಿಲ್ಲ. ನಮ್ಮ ಮನೆಯಲ್ಲಿ ಆ ವಿಷಯವನ್ನು ಯಾರೂ ಎತ್ತುತ್ತಿರಲಿಲ್ಲ. ಅಪ್ಪ ಎಂದಿನಂತೆ ಪೂಜೆ ಮಾಡಿ, ವಿಭೂತಿ ಹಚ್ಚಿಕೊಂಡು ಅಂಗಡಿಗೆ ಹೋಗುತ್ತಿದ್ದರು. ನನಗೆ ಮಾತ್ರ ಅವರು ಏನು ಹೇಳಿದರೂ, ಮಳೆ ಬರಬಹುದು ಕೊಡೆ ತಗೋ ಎಂದರೂ, ಒಂದು ಸಲ ಆಕಾಶ ನೋಡಿ ಖಚಿತ ಮಾಡಿಕೊಳ್ಳಬೇಕು ಎನಿಸುತ್ತಿತ್ತು.

ಕಾಲೇಜು ಸೇರಿದ ಮೇಲೆ ಒಂದು ಶನಿವಾರ ರೈಲು ಹತ್ತಿ ಭದ್ರಾವತಿಗೆ ಹೋದೆ. ಕಾರ್ಖಾನೆಯ ಗೇಟಿನ ಎದುರಿನ ಸಣ್ಣ ಬೇಕರಿಯಲ್ಲಿ ಚಿಕ್ಕಮ್ಮ ಕೆಲಸಕ್ಕಿದ್ದರು. ಬೇಕರಿಯ ಯಜಮಾನ ಮೊದಲು ಅವರಿಗೆ ರಸ್ಕ್ ಪ್ಯಾಕ್ ಮಾಡುವ ಕೆಲಸವನ್ನಷ್ಟೇ ಕೊಟ್ಟಿದ್ದನಂತೆ. ಬ್ರೆಡ್ಡು, ಬೆಣ್ಣೆಬಿಸ್ಕತ್ತು ಎಲ್ಲ ಇಳಿಸಿದ ಮೇಲೆ ಓವನ್ನಿನ ತಳದಲ್ಲಿ ಉಳಿದಿರುತ್ತದಲ್ಲ, ಆ ಬಿಸಿಯನ್ನು ನನಗೆ ಕೊಡಿ ಎಂದು ಇವರೇ ಕೇಳಿ ಪಡೆದರು. ಅದರಲ್ಲಿ ಸ್ಟಾಟಿ, ಬ್ರೆಡ್‌ಕೇಕ್ ಬೇಯಿಸಿ, ನಡುವೆ ಸೀಳಿ, ಆಲೂಗಡ್ಡೆ ಪಲ್ಯವೋ ಮೊಟ್ಟೆಯೋ ಇಟ್ಟು ಪಾಳಿ ಮುಗಿಸಿ ಬರುವವರಿಗೆ ಮಾರಿದರು. ಗೇಟಿನ ಜನ ಅದಕ್ಕೆ ಲಂಡನ್ ಬನ್ ಎಂದು ಹೆಸರಿಟ್ಟರು. ತಮಿಳರು ಲಂಡನ್ ರೊಟ್ಟಿ ಅಂದರು.

"ನಾನು ಲಂಡನ್ನೇ ನೋಡಿಲ್ಲ ಮಾರಾಯಾ! ಏರೋಪ್ಲೇನ್ ಇಳಿದು ಸೀದಾ ಬೇಕರಿಗೆ ಹೋದೋಳು" ಎಂದು ಗಿರಾಕಿಗಳನ್ನು ಬೈಯುತ್ತಿದ್ದರು. "ಇದು ಬ್ರೆಡ್‌ಕೇಕು. ಹೇಳಿ, ಬ್ರೆಡ್‌ಕೇಕು. ಹೇಳಿದ್ರೆ ಕೊಡ್ತೀನಿ." ಗ್ರೀಸು ಮೆತ್ತಿದ ಕೈಯ ದಾಂಡಿಗ ಗಂಡಸರು ಮಕ್ಕಳ ಹಾಗೆ ಬ್ರೆಡ್‌ಕೇಕು ಎಂದು ಹೇಳಿ ಕೈಯೊಡ್ಡುತ್ತಿದ್ದರು.

ನನ್ನನ್ನು ಕಂಡರೂ ಕೈಯ ಕೆಲಸ ಬಿಡಲಿಲ್ಲ. ಗಿರಾಕಿಗಳು ಕರಗಿದ ಮೇಲೆ ಕೈ ಒರೆಸಿಕೊಂಡು ಹತ್ತಿರ ಬಂದರು. "ಆವತ್ತು ನಿನ್ನನ್ನ ಕೇಳ್ಬಾರ್ದಿತ್ತು. ಎಲ್ರನ್ನೂ ಕೇಳ್ತಾ ಕೇಳ್ತಾ ಬಾಯಿ ನಿಲ್ಲಲಿಲ್ಲ" ಎಂದು ಒಂದು ಸ್ಟೂಲು ಎಳೆದು ಕೊಟ್ಟರು. ಆಮೇಲೆ ನಾನು ಭದ್ರಾವತಿಗೆ ಹೋಗುವುದು ತಪ್ಪಲಿಲ್ಲ. ನನ್ನ ಇಂಗ್ಲಿಷ್ ತಿದ್ದಿದ್ದು ಅವರು. ವ್ಯಾಕರಣ ಅವರಿಗೆ ಬರುತ್ತಿರಲಿಲ್ಲ. ಅಂಜದೆ ಬಾಯಿ ಬಿಡುವುದು ಬರುತ್ತಿತ್ತು. ನಾನು ಎಂ.ಎ. ಮಾಡಿ ಅದೇ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದೆ.

ಅವರು ಮೊದಲಿನ ಚಿಕ್ಕಮ್ಮನಾಗಿ ಉಳಿದಿದ್ದರು ಎಂದರೆ ಸುಳ್ಳಾಗುತ್ತದೆ. ತಮ್ಮ ಚೀಲವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಸ್ವಂತ ತಮ್ಮ ಹಾಲು ತಂದೆ ಎಂದರೂ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ನಡುವೆ ಒಮ್ಮೆ, ಅವರ ಸಂಗತಿಯನ್ನು ನಾನು ಮನೆಯಲ್ಲಿ ಹೇಳುತ್ತೇನೆಂದು ಅನುಮಾನ ಬಂದು ಒಂದು ವರ್ಷದ ಹತ್ತಿರ ನನ್ನ ಮುಖ ನೋಡಲಿಲ್ಲ. ಆಮೇಲೆ ಯಾಕೆ ಒಪ್ಪಿಕೊಂಡರೋ ಅದನ್ನೂ ಹೇಳಲಿಲ್ಲ. ನನಗೆ ಗಂಡು ನೋಡುವಾಗ ಮಾತ್ರ ತಾವಾಗಿಯೇ ಹುಡುಗನ ಊರಿಗೆ ಹೋಗಿ, ಅವನ ಓಣಿಯಲ್ಲಿ ನಾಲ್ಕು ಮನೆ ವಿಚಾರಿಸಿ ಬಂದರು. ಕೋಟೆ ಬೀದಿಯ ಮನೆಯಲ್ಲಿ ನಡೆದ ಮದುವೆಗೆ ಬರಲಿಲ್ಲ. ನಾನು ಮದುವೆಗೆ ರಜೆ ಹಾಕಿ ಹೊರಟ ದಿನ ಶಾಲೆಯ ಹತ್ತಿರ ಬಂದು, "ಒಳ್ಳೆ ಹುಡುಗ ಅನ್ಸತ್ತೆ. ಆದ್ರೂ ನಿನ್ನ ಸರ್ಟಿಫಿಕೇಟು, ಪಾಸ್‌ಬುಕ್ಕು ನಿನ್ನ ಪೆಟ್ಟಿಗೇಲಿರ್ಲಿ. ಪ್ರೀತಿ ಬೇರೆ, ಪೆಟ್ಟಿಗೆ ಬೇರೆ" ಎಂದು ಹೇಳಿ ಹೋದರು. ನನ್ನ ಗಂಡನಿಗೆ ಇದನ್ನು ಹೇಳಿದಾಗ ಅವರೇ ಬೀಗ ಕೊಂಡು ತಂದುಕೊಟ್ಟರು.

ಅಜ್ಜಿ ತೀರಿಕೊಂಡ ಮೇಲೆ, ಅಂಗಡಿ ಬೇರೆಯವರಿಗೆ ಬಿಟ್ಟುಕೊಟ್ಟ ಅಪ್ಪ ಒಂದು ದಿನ, ನನ್ನನ್ನು ಅವಳ ಹತ್ತಿರ ಕರೆದುಕೊಂಡು ಹೋಗು ಎಂದರು. ಬೇಕರಿಯ ಮುಂದೆ ಬಿಸಿಲಿನಲ್ಲಿ ಕೈಮುಗಿದು ನಿಂತರು.

"ತಪ್ಪಾಯ್ತಮ್ಮ."

ಚಿಕ್ಕಮ್ಮ ಅವರನ್ನು ಒಳಗೆ ಕರೆದು ಕುರ್ಚಿ ಹಾಕಿದರು, ನೀರು ಕೊಟ್ಟರು. ಆಮೇಲೆ ಎದುರು ನಿಂತು, ದನಿ ಏರಿಸದೆ ಹೇಳಿದರು.

"ನಿಮ್ಮ ತಮ್ಮ ಮಾಡಿದ್ದು ನಂಗೆ ಅರ್ಥ ಆಗತ್ತೆ ಬಾವ. ಬೇರೆಯವಳು ಬೇಕು ಅನ್ನಿಸ್ತು, ಹೋದ. ನೀವು ಆರು ತಿಂಗಳು ದಿನಾ ಬೆಳಿಗ್ಗೆ ನನ್ನ ಕೈಯಿಂದ ಕಾಫಿ ಇಸ್ಕೊಂಡು ಕುಡಿದ್ರಿ. ಇವತ್ತು ವೀಸಾ ಏನಾದ್ರೂ ಬಂತಾ ಬಾವ ಅಂತ ನಾನು ಕೇಳಿದ್ರೆ, ಬರತ್ತಮ್ಮ ಬರತ್ತೆ ಅಂದ್ರಿ. ಅದು ನಂಗೆ ಈಗ್ಲೂ ಅರ್ಥ ಆಗಲ್ಲ."

ಅಪ್ಪ ಏನೋ ಹೇಳಲು ಹೋದರು. ತಮ್ಮ, ವಂಶ, ಆಗಿನ ಪರಿಸ್ಥಿತಿ ಎಂಬ ಒಂದೆರಡು ಶಬ್ದಗಳಷ್ಟೇ ಬಂದವು. ಚಿಕ್ಕಮ್ಮ ಕಾದರು. ಪೂರ್ತಿ ವಾಕ್ಯ ಬರಲಿಲ್ಲ. "ಕ್ಷಮಿಸಿದೆ ಅಂತ ಸುಳ್ಳು ಹೇಳಲ್ಲ. ಊಟ ಮಾಡ್ಕೊಂಡು ಹೋಗಿ ಅಂತಾನೂ ಹೇಳಲ್ಲ" ಎಂದು ಒಲೆಯ ಕಡೆ ನಡೆದರು. ವಾಪಸು ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಅವರ ಬಗ್ಗೆ ಮರುಕ ಬಂತು. ಆದರೆ ಚಿಕ್ಕಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಾಯಿತು ಅನ್ನಿಸಲಿಲ್ಲ.

ಅದಾದ ಮೂರ್ನಾಲ್ಕು ವರ್ಷಕ್ಕೆ ಚಿಕ್ಕಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆ ಬೇಡವೆಂದು ಹಳೇನಗರದ ತಮ್ಮನ ಮನೆಯಲ್ಲೇ ಮಲಗಿದರು. ಶಾಲೆ ಬಿಟ್ಟ ಮೇಲೆ ದಿನಾ ಹೋಗಿ ಕೂತು ಬರುತ್ತಿದ್ದೆ. ಕೊನೆಯ ವಾರ ಒಂದು ಸಂಜೆ ನನ್ನ ಕೈ ಹಿಡಿದುಕೊಂಡರು.

"ನಾನು ಹೋದ್ಮೇಲೆ ನಿಮ್ಮಪ್ಪ ಬರ್ತಾರೆ. ಬಂದು ಅಳ್ತಾರೆ. ಪಾಪ, ಎಂಥಾ ಒಳ್ಳೆ ಜನ ಅಂತ ಊರು ನೋಡತ್ತೆ. ಅದೊಂದು ನಂಗೆ ಬೇಡ ಪುಟ್ಟಿ. ನೀನು ಬಾ, ನಿನ್ನ ಗಂಡ ಮಕ್ಕಳು ಬರ್ಲಿ. ನಿಮ್ಮಪ್ಪ ನನ್ನ ಮುಖ ನೋಡಬಾರ್ದು. ಮಾತು ಕೊಡ್ತೀಯಾ?"

"ಕೊಡ್ತೀನಿ ಚಿಕ್ಕಮ್ಮ."

"ನಿಮ್ಮ ಮನೆ ಮಾತು" ಎಂದು ನಕ್ಕರು. ಆಮೇಲೆ ಅವರಿಗೇ ನೋವಾಯಿತೋ ಏನೋ, ನನ್ನ ಕೆನ್ನೆ ಸವರಿದರು.

ಅವರು ತೀರಿಕೊಂಡ ದಿನ ಬೇಕರಿ ಬಾಗಿಲು ಹಾಕಿತ್ತು. ಪಾಳಿ ಮುಗಿಸಿದವರು ಕಾರ್ಖಾನೆಯ ಬಟ್ಟೆಯಲ್ಲೇ ಬಂದು ಅಂಗಳದಲ್ಲಿ ನಿಂತಿದ್ದರು. ಚಿಕ್ಕಮ್ಮನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೂವಿನ ನಡುವೆ ಕೂರಿಸಿದ್ದರು. ಯಾರೋ ಬಂದು ನಿಮ್ಮ ತಂದೆ ಬಂದಿದಾರೆ ಎಂದರು. ಹೊರಗೆ ಹೋದೆ. ಅಪ್ಪ ಒಬ್ಬರೇ ಆಟೋದಲ್ಲಿ ಬಂದು ಓಣಿಯ ತಿರುವಿನಲ್ಲಿ ಇಳಿದಿದ್ದರು. ಎಪ್ಪತ್ತು ದಾಟಿದ್ದರು, ಕೈಯಲ್ಲಿ ಒಂದು ಹಾರವಿತ್ತು.

"ಒಳಗೆ ಬೇಡಪ್ಪ" ಅಂದೆ.

"ಒಂದ್ಸಲ ಮುಖ ನೋಡ್ತೀನಮ್ಮ. ಅವರ ತಮ್ಮನ್ನ ಕೇಳು."

"ಅವರನ್ನ ಕೇಳೋದೇನಿಲ್ಲ. ನಾನು ಮಾತು ಕೊಟ್ಟಿದೀನಿ."

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಚಪ್ಪಲಿ ಕಳಚಿ, ಕಾದ ರಸ್ತೆಯ ಮೇಲೆ ಬರಿಗಾಲಲ್ಲಿ ಒಂದು ಪಕ್ಕಕ್ಕೆ ಸರಿದು ನಿಂತರು.

ಹೊತ್ತವರು ಆ ತಿರುವಿನಿಂದಲೇ ಹೋಗಬೇಕಿತ್ತು. ಬೇರೆ ದಾರಿ ಇರಲಿಲ್ಲ. ಚಿಕ್ಕಮ್ಮನ ಮುಖಕ್ಕೆ ಬಿಸಿಲು ಬೀಳದ ಹಾಗೆ ನಾನು ಛತ್ರಿ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದೆ. ಅಪ್ಪನ ಹತ್ತಿರ ಬಂದಾಗ ಛತ್ರಿಯನ್ನು ಅವರು ನಿಂತ ಕಡೆಗೆ ಇಳಿಸಿದೆ. ದಾಟುವವರೆಗೂ ಎತ್ತಲಿಲ್ಲ.